ಕಂಬಂನ ಮಾಳಿಗೆಯಲ್ಲಿ ಐದನೇ ಹಾಡು

ತಮಿಳುನಾಡಿನ ಕಂಬಂಗೆ ಬಂದ ಮೊದಲ ದಿನವೇ ಅಜ್ಜಿಯೊಬ್ಬರ ಕೈಲಿ ಬೈಸಿಕೊಂಡೆ, ಅದೂ ಕನ್ನಡದಲ್ಲಿ. ಬಾಡಿಗೆ ಮನೆ ಹುಡುಕಿ ಹುಡುಕಿ ಬಿಸಿಲಿಗೆ ಸೋತು ಯಾರದೋ ಜಗಲಿಯ ಮೇಲೆ ಧೊಪ್ಪನೆ ಕೂತಿದ್ದೆ. ಒಳಗಿನಿಂದ ಬಂದ ಅಜ್ಜಿ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತರು.

"ಒಣಗಾಕಿರೋ ಮೆಣಸಿನ್ಕಾಯ್ ಮ್ಯಾಲೆ ಕುಂತಿದೀಯಲ್ಲ ತಾಯೀ, ಕಣ್ಣು ಕಾಣಾಕಿಲ್ವ ನಿಂಗೆ?"

ಬೆಚ್ಚಿ ಎದ್ದೆ. ಮೆಣಸಿನಕಾಯಿಗಿಂತ ಹೆಚ್ಚಾಗಿ ಆ ಮಾತಿಗೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಗೋಡೆಯ ಮೇಲಿನ ಮದುವೆಯ ಪೋಸ್ಟರು ಎಲ್ಲವೂ ತಮಿಳಾಗಿದ್ದ ಬೀದಿಯಲ್ಲಿ ಕನ್ನಡ ಎಲ್ಲಿಂದ ಬಂತು?

"ನೀವು ಕರ್ನಾಟಕದೋರಾ ಅಜ್ಜಿ?" ಅಂದೆ.

"ನಾವ್ ಇದೇ ಊರೋರು. ನೀನ್ ಎಲ್ಲಿಯೋಳು?"

ಉತ್ತರ ಸರಿಯಾಗಿತ್ತು. ಹೊರಗಿನವಳು ನಾನು. ಇವರ ಹಿರಿಯರು ಈ ಕಣಿವೆಗೆ ಬಂದು ಎಷ್ಟು ತಲೆಮಾರು ಕಳೆಯಿತೆಂಬ ಲೆಕ್ಕ ಇವರ ಬಳಿಯೇ ಇಲ್ಲ. ಹೊಲ ಮಾಡಿದರು, ದ್ರಾಕ್ಷಿ ಹಾಕಿದರು, ಹೊರಗೆ ತಮಿಳು ಆಡಿದರು, ಮನೆಯೊಳಗೆ ಮಾತ್ರ ತಾವು ತಂದ ಮಾತನ್ನು ಬಿಡಲಿಲ್ಲ. ಮದುವೆಯಾಗದ ಒಂಟಿ ಹುಡುಗಿಗೆ ಮನೆ ಕೊಡಲು ನಮ್ಮೂರು ದಾವಣಗೆರೆಯಲ್ಲಿ ಎಷ್ಟು ಹಿಂಜರಿಯುತ್ತಾರೋ ಇಲ್ಲಿಯೂ ಅಷ್ಟೇ. ಆದರೆ ಆ ಅಜ್ಜಿ, ರಂಗಮ್ಮ, "ನಮ್ ಮಾತಾಡ್ತೀಯಲ್ಲ, ಮ್ಯಾಲೆ ಇರು" ಎಂದು ಬೀಗದ ಕೈ ಕೊಟ್ಟೇಬಿಟ್ಟರು. ಅಂದಿನಿಂದ ಅವರು ನನಗೆ ದೊಡ್ಡವ್ವ.

ನಾನು ಬಂದದ್ದು ನೂಲಿನ ಗಿರಣಿಯ ಕೆಲಸಕ್ಕೆ. ನಮ್ಮ ದಾವಣಗೆರೆಯ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಅಪ್ಪ ಅಂಥದೊಂದು ಗಿರಣಿಯಲ್ಲಿದ್ದವರು, ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಇಲ್ಲಿ ಗಿರಣಿಗಳು ಇನ್ನೂ ಗರಗರ ಅನ್ನುತ್ತಿವೆ. ನೂಲಿನಲ್ಲಿ ಎಲ್ಲಿ ದಪ್ಪವಾಗಿದೆ, ಎಲ್ಲಿ ತೆಳುವಾಗಿದೆ ಎಂದು ಹಿಡಿಯುವುದು ನನ್ನ ಕೆಲಸ. ಇಡೀ ದಿನ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ನಾನು. ಮನೆಗೆ ಬಂದಮೇಲೂ ಆ ಚಾಳಿ ಬಿಡುವುದಿಲ್ಲ.

ಊಟಕ್ಕೆ ಬೇಗ ಒಗ್ಗಿದೆ. ಅಲ್ಲಿ ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ. ಇಲ್ಲಿ ಪರೋಟ, ಅದರ ಮೇಲೆ ಸುರಿಯುವ ಸಾಲ್ನ ಎಂಬ ನೀರುನೀರಾದ ಸಾರು. ಬೆಣ್ಣೆ ದೋಸೆ ನೆನಪಾಗಿ ಸಪ್ಪೆಮೋರೆ ಹಾಕಿದ ದಿನ ದೊಡ್ಡವ್ವ ಒಂದು ಬುಟ್ಟಿ ಪನ್ನೀರ್ ದ್ರಾಕ್ಷಿ ತಂದು ಮುಂದಿಟ್ಟರು. ಕಪ್ಪಗೆ, ಬೀಜವಿರುವ, ಘಮ್ಮೆನ್ನುವ ದ್ರಾಕ್ಷಿ. ಅರ್ಧ ಬುಟ್ಟಿ ಮುಗಿಸಿದೆ, ದೋಸೆಯನ್ನು ಮಾತ್ರ ಮರೆಯಲಿಲ್ಲ.

ಒಗ್ಗದೆ ಉಳಿದದ್ದು ಒಂದೇ. ನಮ್ಮೂರಿನ 'ಹಳೇ ಬಸ್‌ಸ್ಟ್ಯಾಂಡ್' ಎಂಬ ರಾಕ್ ಬ್ಯಾಂಡಿಗೆ ನಾನು ಅಂಟಿಕೊಂಡ ಅಭಿಮಾನಿ. ಅವರ ಒಂದು ಕಾರ್ಯಕ್ರಮವನ್ನೂ ತಪ್ಪಿಸಿಕೊಂಡವಳಲ್ಲ. "ಡಬ್ಬ ಬಡಿಯೋದು ಕೇಳಾಕ ಅಷ್ಟ್ ದೂರ ಹೋಗ್ತೀಯೇನವ್ವ" ಎಂದು ಅಪ್ಪ ಪ್ರತಿಸಲ ರೇಗಿಸುತ್ತಿದ್ದರು. ನಾನು ಕಂಬಂಗೆ ಬಂದ ಎರಡೇ ವಾರಕ್ಕೆ ಅವರು ನಮ್ಮೂರ ಮೈದಾನದಲ್ಲೇ ನುಡಿಸಿದರು. ಆ ಸಂಜೆಯನ್ನೇ ಲೈವ್ ಆಲ್ಬಮ್ ಆಗಿ ಹೊರತಂದರು. ನಾನಿಲ್ಲದ ಒಂದೇ ಒಂದು ಸಂಜೆ ಶಾಶ್ವತವಾಗಿ ಉಳಿದುಬಿಟ್ಟಿತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇನು!

ಅಭಿಮಾನಿಗಳ ಮೊಬೈಲ್ ಗುಂಪಿನಲ್ಲಿ ಅಭಿಪ್ರಾಯಗಳ ಸುರಿಮಳೆ. "ಸ್ಟುಡಿಯೊದ್ದು ಇಸ್ತ್ರಿ ಮಾಡಿಟ್ಟ ಅಂಗಿ, ಇದು ಮೈಮೇಲಿರೋ ಅಂಗಿ" ಎಂದ ಒಬ್ಬ. ಗಾಯಕನಿಗೆ ನೆಗಡಿಯಾಗಿದೆ ಎಂದಳು ಒಬ್ಬಳು; ನೆಗಡಿಯೇ ಚಂದ ಎಂದಳು ಇನ್ನೊಬ್ಬಳು. ಮೂರನೇ ಹಾಡಿನಲ್ಲಿ ತನ್ನ ಸೀಟಿ ಕೇಳುತ್ತದೆಂದು ಮತ್ತೊಬ್ಬ ನೆಂಟರಿಷ್ಟರಿಗೆಲ್ಲ ಕಳಿಸಿದ್ದ. ಜಗಳ ಹತ್ತಿದ್ದು ಐದನೇ ಹಾಡಿಗೆ, 'ಕೊನೇ ಸೀಟು'. ಅದರ ನಡುವೆ ಡ್ರಮ್ಮು ಒಂದು ಗಳಿಗೆ ತಡವರಿಸಿ, ಆಮೇಲೆ ಹಗ್ಗ ಕಿತ್ತುಕೊಂಡ ಕರುವಿನ ಹಾಗೆ ಓಡುತ್ತದೆ.

ಅಷ್ಟರಲ್ಲಿ ಬ್ಯಾಂಡಿನವರು ಆಲ್ಬಮನ್ನು ಹಳೇ ಗ್ರಾಮಫೋನಿನ ಕಪ್ಪು ತಟ್ಟೆಯಾಗಿಯೂ ತರುವುದಾಗಿ ಹೇಳಿದರು. ತಟ್ಟೆಯಲ್ಲಿ ಜಾಗ ಸಾಲದು, ಒಂದು ಹಾಡು ಬಿಡಬೇಕು, ಯಾವುದೆಂದು ಭಾನುವಾರದೊಳಗೆ ಅಭಿಮಾನಿಗಳೇ ತಿಳಿಸಲಿ ಎಂದರು. ನಾನು ಉದ್ದಕ್ಕೆ ಬರೆದೆ. ಎಷ್ಟನೇ ನಿಮಿಷಕ್ಕೆ ತಾಳ ತೆಳುವಾಯಿತು, ಎಲ್ಲಿಂದ ದಪ್ಪವಾಯಿತು, ಎಲ್ಲ ಹಾಕಿ, "ಐದನೆಯದನ್ನು ಬಿಡಿ" ಎಂದು ತೀರ್ಪು ಕೊಟ್ಟೆ. ನನ್ನ ಕಿವಿಯ ಮೇಲೆ ಗುಂಪಿಗೆ ಬಲು ನಂಬಿಕೆ. ಒಬ್ಬರ ಹಿಂದೊಬ್ಬರು "ಹೌದು, ಬಿಡಿ" ಎಂದರು.

ಶನಿವಾರ ಸಂಜೆ ನಾನು ಮೊಟ್ಟೈಮಾಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದೆ. ಬಯಲಾಗಿರುವ ಮಾಳಿಗೆಗೆ ಇಲ್ಲಿ ಹಾಗೆನ್ನುತ್ತಾರೆ. ದೊಡ್ಡವ್ವನ ಮಗ ರಂಗಸಾಮಿ ಮಾಮ ಅಲ್ಲೇ ಕೂತು ಉರುಮೆಯ ಹಗ್ಗ ಬಿಗಿಯುತ್ತಿದ್ದರು. ಅವರದು ದ್ರಾಕ್ಷಿ ತೋಟ. ಕುಲದೇವರ ಪೂಜೆ ಬಂತೆಂದರೆ ಸುತ್ತುಕುಣಿತಕ್ಕೆ ಉರುಮೆ ಬಾರಿಸುವವರೂ ಅವರೇ. ಅವರ ಮಗಳು ಕವಿತಾಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನ್ನಿಂದ ಆಲ್ಬಮ್ ಪಡೆದು ಹುಚ್ಚು ಹತ್ತಿಸಿಕೊಂಡಿದ್ದ ಅವಳು ಅದನ್ನು ಜೋರಾಗಿ ಹಾಕಿದಳು. ಐದನೇ ಹಾಡು ಬಂತು.

"ಇದು ಕೆಟ್ಟುಹೋದ ಹಾಡು ಮಾಮ. ಡ್ರಮ್ಮಿನವನು ತಾಳ ತಪ್ಪಿದಾನೆ" ಅಂದೆ.

ಮಾಮ ಹಗ್ಗ ಬಿಟ್ಟು ಕಿವಿಗೊಟ್ಟರು. ಇನ್ನೊಂದು ಸಲ ಹಾಕಿಸಿದರು.

"ತಪ್ಪಿಲ್ಲ ಕಣಮ್ಮ. ಅವನು ಕಾಲ್ ನೋಡ್ತಾವನೆ."

"ಯಾರ ಕಾಲು?"

"ಆಡೋರ ಕಾಲು, ಕುಣಿಯೋರ್ದು. ನಮ್ದರಲ್ಲಿ ಉರುಮೆಯೋನು ಪಾಡೋರ ಮೊಕ ನೋಡ್ಬಾರ್ದು. ಸುತ್ತಿನಾಗೆ ಯಾರ ಕಾಲು ಹಿಂದೆ ಬೀಳ್ತದೋ ಅದನ್ನೇ ನೋಡ್ಬೇಕು. ಅವರಿಗೋಸ್ರ ನಿಲ್ಬೇಕು. ಇಲ್ಲಿ ನಿಂತ, ಕೇಳು. ಆಮ್ಯಾಲೆ ಆ ಕಾಲಿಗೆ ದೈರ್ಯ ಬಂತು, ಇವನೂ ಓಡ್ದ. ವಯಸ್ಸಾದ ಹೆಂಗಸು ಇರ್ಬೇಕು."

"ಅಷ್ಟೂ ಹೆಂಗೆ ಗೊತ್ತಾಗುತ್ತೆ ಮಾಮ!" ಎಂದು ನಕ್ಕೆ. ಆದರೆ ಬಟ್ಟೆ ಮಡಚುವಾಗಲೂ ಅದೇ ತಲೆಯಲ್ಲಿ. ಆ ಹಾಡನ್ನು ಹೊರಗೆ ಹಾಕಿಸುತ್ತಿರುವವಳು ನಾನೇ, ಉಳಿದಿರುವುದು ಒಂದೇ ದಿನ. ಗುಂಪು ನಡೆಸುವ ಗೆಳೆಯ ಪ್ರಕಾಶನಿಗೆ ಫೋನು ಮಾಡಿದೆ. ಕಾರ್ಯಕ್ರಮದ ಸಂಜೆ ಅವನು ವೇದಿಕೆಯ ಮುಂದೆಯೇ ಇದ್ದ.

"ಐದನೇ ಹಾಡಿಗೆ ಮುಂದುಗಡೆ ಯಾರಾದರೂ ವಯಸ್ಸಾದೋರು ಕುಣೀತಿದ್ರೇನೋ?"

"ಹೇಳಬೇಡ ಅಂದಿದ್ರು. ನಿಮ್ಮಪ್ಪ ಕಣೇ."

ಅಪ್ಪನಿಗೆ ಫೋನು ಹಚ್ಚಿದೆ. ಮೊದಲು ಇಲ್ಲವೇ ಇಲ್ಲ ಎಂದರು. ಬೆನ್ನು ಬಿಡದಿದ್ದಾಗ ಒಪ್ಪಿಕೊಂಡರು.

"ನೀ ಇಲ್ಲ, ಮನಿಯೆಲ್ಲ ಬಿಕೋ ಅಂತಿತ್ತು. ಅದರಾಗ ಏನೈತಿ ನೋಡೋಣಂತ ಹೋದೆ. ಎಲ್ಲಾರೂ ಕುಣಿಯಾಕ ಹತ್ತಿದ್ರು, ನಾನೊಬ್ನೇ ಕಂಬದಂಗ ನಿಲ್ಲಾಕ ಆಗ್ತೈತೇನವ್ವ? ಮೊದ್ಲು ಮಣಕಾಲು ಬಗ್ಗಲಿಲ್ಲ. ಆ ಡ್ರಮ್ಮಿನ ಹುಡುಗ ನನ್ನ ನೋಡಿ ನಕ್ಕ, ಒಂದ್ ಗಳಿಗಿ ನಿಲ್ಸಿದ. ಆಮ್ಯಾಕ ನಾನೂ ಬಿಡ್ಲಿಲ್ಲ!"

"ನನಗ್ಯಾಕೆ ಹೇಳಲಿಲ್ಲ?"

"ನೀ ತಪ್ಪಿಸ್ಕೊಂಡಿದ್ದನ್ನ ನಾ ನೋಡ್ದೆ ಅಂತ ಹೆಂಗ್ ಹೇಳ್ಲಿ?"

ನಕ್ಕೆನೋ ಅತ್ತೆನೋ, ಎರಡೂ ಇರಬೇಕು. ನಾನು ತಪ್ಪೆಂದು ಗುರುತು ಹಾಕಿದ್ದು ನಮ್ಮಪ್ಪನ ಮಣಕಾಲಿಗೆ! ಸುದ್ದಿ ಕೇಳಿದ ರಂಗಸಾಮಿ ಮಾಮನಿಗೆ ಮಾತ್ರ ಬೇಸರ. "ಹೆಂಗಸು ಅಂದ್ಕಂಡಿದ್ದೆ" ಎಂದು ತಲೆ ಕೆರೆದುಕೊಂಡರು. ದೊಡ್ಡವ್ವ ಆ ಹಾಡನ್ನು ಮೂರು ಸಲ ಹಾಕಿಸಿಕೊಂಡು ಕೇಳಿ, "ರೊಂಬ ಸತ್ತ" ಎಂದರು. ತೀರಾ ಗದ್ದಲ ಎಂದರ್ಥ. ಆದರೂ ನಾಲ್ಕನೇ ಸಲ ಹಾಕೆಂದರು.

ಆ ಸಂಜೆಯೇ ಹೊಸ ಅಭಿಪ್ರಾಯ ಬರೆದೆ. ಹಿಂದೆ ಬರೆದದ್ದು ಹೊಟ್ಟೆಕಿಚ್ಚಿನಿಂದ ಎಂದು ಒಪ್ಪಿಕೊಂಡೆ, ಮಾಮ ಹೇಳಿದ್ದನ್ನು ಹಾಗೆಯೇ ಹಾಕಿದೆ, ಕುಣಿದವರು ಯಾರೆಂದೂ ಹೇಳಿದೆ. ಗುಂಪು ಒಂದಿಷ್ಟು ಕಾಲೆಳೆಯಿತು. ಆಮೇಲೆ ಎಲ್ಲರೂ ಮತ್ತೆ ಕೇಳಿದರು, ಭಾನುವಾರ ಮುಗಿಯುವ ಹೊತ್ತಿಗೆ 'ಕೊನೇ ಸೀಟು' ಗೆದ್ದಿತ್ತು. ಬದಲಿಗೆ, ಮೊದಲಲ್ಲಿ ಬರುವ ಗಿಟಾರಿನ ಉದ್ದನೆಯ ಪೀಠಿಕೆಯನ್ನು ಬಿಟ್ಟರು. ಅದರ ಅಭಿಮಾನಿಗಳು ಈಗಲೂ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಕಪ್ಪು ತಟ್ಟೆಯ ಬಿಡುಗಡೆಗೆ ನಮ್ಮೂರಲ್ಲಿ ಮತ್ತೆ ಕಾರ್ಯಕ್ರಮ ಗೊತ್ತಾಯಿತು. ರಜೆ ಕೇಳಿದೆ, ಸಿಕ್ಕಿತು. ಕುಣಿಯುತ್ತ ಕೆಳಗೆ ಬಂದರೆ ಕವಿತಾ ಹೊಸ ಸೀರೆ ಹಿಡಿದು ನಿಂತಿದ್ದಳು. ಅದೇ ದಿನ ಕುಲದೇವರ ಪೂಜೆ. ಹೆಂಗಸರ ಸುತ್ತಿನಲ್ಲಿ ನನ್ನ ಹೆಸರು ಸೇರಿಸಿ, ಚಿನ್ನಾಳಪಟ್ಟಿ ಸೀರೆಯನ್ನೂ ತಂದಾಗಿತ್ತು. "ನೀ ನಮ್ ಮನೆಯೋಳು ಅಂತ ಹೇಳಿವ್ನಿ" ಎಂದರು ದೊಡ್ಡವ್ವ. ಇಡೀ ವಾರ ಆ ಊರೋ ಈ ಊರೋ ಎಂದು ತೂಗಿ ನೋಡಿದೆ. ಕೊನೆಗೆ ಅಪ್ಪನಿಗೆ ಫೋನು ಮಾಡಿದೆ.

"ಅಪ್ಪಾ, ಈ ಸಲವೂ ನೀವೇ ಹೋಗಬೇಕು."

"ಅಯ್ಯ, ಮಂಡಿಗೆ ಎಣ್ಣಿ ಹಚ್ಕೊಂಡು ಆಗ್ಲೇ ತಯಾರದೀನವ್ವ" ಎಂದರು.

ಪೂಜೆಯ ದಿನ ಇಳಿಬಿಸಿಲಿನಲ್ಲಿ ಸುತ್ತು ಶುರುವಾಯಿತು. ಅಲ್ಲಿ ಅಪ್ಪ ನನ್ನ ಜಾಗದಲ್ಲಿ ಇರುತ್ತಾರೆ ಎಂದುಕೊಂಡು ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲೇ ಹೆಜ್ಜೆ ತಪ್ಪಿದೆ. ಎಲ್ಲರ ಕಾಲೂ ಮುಂದಕ್ಕೆ ಹೋಯಿತು, ನನ್ನದು ಹಿಂದೆ ಬಿತ್ತು. ತಲೆಯೆತ್ತಿ ನೋಡಿದರೆ ರಂಗಸಾಮಿ ಮಾಮ ನನ್ನ ಕಾಲನ್ನೇ ನೋಡುತ್ತಿದ್ದರು. ಉರುಮೆ ನನಗಾಗಿ ನಿಂತಿತ್ತು.