ರಬ್ಬರಿನ ಮದ್ದು ಮತ್ತು ಮೂವತ್ತು ಟೊಮೆಟೊ ಗಿಡ

ಮೆಲ್ಕಾರಿನ ಅಂಗಡಿಗಳಲ್ಲಿ ರಾಶಿ ಹಾಕಿರುವ ಟೊಮೆಟೊವನ್ನು ಹಣ್ಣು ಎಂದು ಕರೆಯುವವರ ಮೇಲೆ ನನಗೆ ಮೊದಲಿನಿಂದಲೂ ತಾತ್ಸಾರ. ಹೊರಗೆ ಕೆಂಪು, ಒಳಗೆ ಬಿಳಿ, ನೆಲಕ್ಕೆ ಬಿದ್ದರೆ ಪುಟಿಯುತ್ತದೆ. ಘಟ್ಟದ ಮೇಲೆ ಹಸಿರಿರುವಾಗಲೇ ಕಿತ್ತು, ದಾರಿಯಲ್ಲೋ ಗೋದಾಮಿನಲ್ಲೋ ಬಣ್ಣ ಬರಿಸಿದ ಸರಕು ಅದು. ಜನ ಅದನ್ನೇ ಒತ್ತಿ ನೋಡಿ, "ಒಳ್ಳೆ ಗಟ್ಟಿ ಉಂಟು" ಎಂದು ಮೆಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹಣ್ಣು ಗಟ್ಟಿ ಇರಬೇಕು ಎಂದು ಇವರಿಗೆ ಹೇಳಿಕೊಟ್ಟವರು ಯಾರೋ.

ನನ್ನ ವಿದ್ಯಾರ್ಥಿಗಳ ಮೇಲೂ ಅಷ್ಟೇ ತಾತ್ಸಾರ. ಮೂಡುಬಿದಿರೆಯ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಸಸ್ಯಶಾಸ್ತ್ರ ಕಲಿಸಿದವಳು ನಾನು. "ಎಥಿಲೀನ್ ಅನಿಲ ರೂಪದ ಸಸ್ಯ ಹಾರ್ಮೋನು, ಅದು ಹಣ್ಣನ್ನು ಮಾಗಿಸುತ್ತದೆ" ಎಂದು ಉರು ಹೊಡೆದು ಬರೆದು ಅಂಕ ಗಿಟ್ಟಿಸಿಕೊಂಡು ಹೋದರು. ಬೀಜ ಬಲಿತ ಮೇಲೆ ಕಾಯಿ ತಾನೇ ಆ ಅನಿಲವನ್ನು ಹುಟ್ಟಿಸಿಕೊಳ್ಳುತ್ತದೆ, ಪಕ್ಕದ ಕಾಯಿಗೂ ದಾಟಿಸುತ್ತದೆ. ಬುಟ್ಟಿಯಲ್ಲಿ ಒಂದು ಹಣ್ಣಾದರೆ ಉಳಿದವೂ ಹಣ್ಣಾಗುವುದು ಅದಕ್ಕೇ. ಇದನ್ನು ಹೇಳುವಾಗ ಒಬ್ಬರಾದರೂ ತಲೆಯೆತ್ತಿ ನೋಡಿದ ನೆನಪಿಲ್ಲ.

ಹೀಗಿರುವಾಗ ಅಳದಂಗಡಿಯಲ್ಲಿರುವ ನನ್ನ ತಂಗಿಗೆ ಟೊಮೆಟೊ ಬೆಳೆಯುವ ಹುಚ್ಚು ಹಿಡಿಯಿತು. ಎರಡು ವರ್ಷ ಗಿಡಗಳು ಕಾಯಿ ಕಾಣುವ ಮೊದಲೇ ಸೊರಗಿ ಸತ್ತವು. ಅವಳ ಮಹಿಳಾ ಸಂಘದವರು, ಘಟ್ಟದ ಮೇಲಿನದ್ದು ಘಟ್ಟದ ಕೆಳಗೆ ಆಗುತ್ತದಾ ಎಂದು ನಕ್ಕರು. ಮೂರನೆಯ ವರ್ಷ ಅವಳು ಮಣ್ಣನ್ನು ಬಿಸಿಲಲ್ಲಿ ಒಣಗಿಸಿ, ಚೀಲಗಳಲ್ಲಿ ತುಂಬಿ, ಮೂವತ್ತು ಗಿಡ ನೆಟ್ಟಳು. ಮೂವತ್ತೂ ಬದುಕಿದವು. ಗೊಂಚಲು ಗೊಂಚಲು ಕಾಯಿ ಬಿಟ್ಟಾಗ, ಸಂಘದ ವಾರ್ಷಿಕ ಊಟದ ಸಾರು ತನ್ನ ಟೊಮೆಟೊದ್ದೇ ಎಂದು ಸಭೆಯಲ್ಲೇ ಹೇಳಿಬಿಟ್ಟಳು.

ಊಟಕ್ಕೆ ಎಂಟು ದಿನ ಉಳಿದಾಗ ಫೋನ್ ಮಾಡಿದಳು. ಒಂದೂ ಕೆಂಪಾಗಿಲ್ಲ. ಅಳುವುದೊಂದು ಬಾಕಿ.

ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ, ನಾನು ಭಾವ ಎಂದು ಕರೆಯುವ ಅವಳ ಗಂಡ ನಿಂತಿದ್ದ. ರಬ್ಬರ್ ಟ್ಯಾಪಿಂಗ್ ಮಾಡುವವನು, ಎಂಟನೇ ತರಗತಿಗೆ ಶಾಲೆ ಬಿಟ್ಟವನು. ನನ್ನ ತಂಗಿಗೆ ಇವನೇ ಸಿಗಬೇಕಿತ್ತೇ ಎಂದು ಮದುವೆಯ ದಿನದಿಂದ ಅಂದುಕೊಳ್ಳುತ್ತ ಬಂದಿದ್ದೆ. ಅವನ ಕೈಯಲ್ಲೊಂದು ಬಾಟಲಿ ಇತ್ತು. ರಬ್ಬರ್ ಹಾಲು ಹೆಚ್ಚು ಹೊತ್ತು ಇಳಿಯಲಿ ಎಂದು ಮರದ ತೊಗಟೆಗೆ ಹಚ್ಚುವ ಮದ್ದು.

"ಇದು ಹಣ್ಣಿಗೂ ಆಗ್ತದಂತೆ ಅಕ್ಕ. ಬಲಿತ ಕಾಯಿಗೆ ಮಾತ್ರ ಬ್ರಷ್‌ನಲ್ಲಿ ಸ್ವಲ್ಪ ಹಚ್ಚಿ ನೋಡುವ," ಎಂದ.

ನಮ್ಮದೆಲ್ಲ ತುಳು ಮಾತು. ಆದರೆ ಪಾಠ ಮಾಡುವಾಗ ನನ್ನ ಬಾಯಿಗೆ ಕನ್ನಡವೇ ಬರುವುದು. ಆ ಮದ್ದಿನಿಂದ ಹೊರಡುವುದೂ ಎಥಿಲೀನೇ, ಮರಕ್ಕೂ ಹಣ್ಣಿಗೂ ಅನಿಲ ಒಂದೇ ಎಂದು ಅಂಗಳದಲ್ಲೇ ಪಾಠ ಶುರು ಮಾಡಿದೆ. ಒಂದೊಂದೇ ಕಾಯಿಗೆ ಬಣ್ಣ ಬಳಿಯುತ್ತ ಕೂರಲು ಇದೇನು ಗೋಡೆಯೇ? ನೀರಿಗೆ ಬೆರೆಸಿ ಇಡೀ ಗಿಡಕ್ಕೆ ಸಿಂಪಡಿಸಬೇಕು ಎಂದೆ.

"ಎಲೆಗೆ ಬಿದ್ರೆ ಉದುರ್ತದಲ್ವಾ ಅಕ್ಕ? ರಬ್ಬರಿನಲ್ಲಿ ನಾವು ಎಲೆಗೆ ಮುಟ್ಟಿಸುವುದಿಲ್ಲ. ಮತ್ತೆ ಇದು ಸ್ವಲ್ಪ ಜೋರು ಉಂಟು."

"ನೀನು ನನಗೆ ಸಸ್ಯಶಾಸ್ತ್ರ ಹೇಳಿಕೊಡ್ತೀಯಾ ಭಾವ?" ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು ಸುಮ್ಮನಾದ. ಆ ಮೌನ ನನಗೆ ಬಹಳ ಖುಷಿ ಕೊಟ್ಟಿತು ಎಂದು ಈಗ ಹೇಳಿಕೊಳ್ಳಬೇಕು.

ಬಾಟಲಿಯ ಲೇಬಲ್ ರಬ್ಬರ್ ಹಾಲು ಮೆತ್ತಿ ಕಪ್ಪಾಗಿತ್ತು. ಮದ್ದು ಎಷ್ಟು ಗಾಢ ಎಂದು ಓದಲಾಗಲಿಲ್ಲ. ಓದಲಾಗದ್ದನ್ನು ನೆನಪಿನಿಂದ ತುಂಬಿಕೊಂಡು ಲೆಕ್ಕ ಹಾಕಿದೆ. ಒಂದು ಕಾಯಿ ಕೊಯ್ದು ಒಳಗೆ ಬೀಜ ಬಲಿತಿದೆಯೇ ನೋಡುವ ಎಂದು ತಂಗಿ ಚಾಕು ತಂದಳು. ಬೇಡ ಎಂದೆ. ಪಂಪನ್ನು ಬೆನ್ನಿಗೆ ಹಾಕಿಕೊಂಡು ನಾನೇ ಸಿಂಪಡಿಸಿದೆ.

ಮೂರನೆಯ ದಿನ ತಂಗಿ ಮತ್ತೆ ಫೋನ್ ಮಾಡಿ, "ಒಮ್ಮೆ ಬಾ" ಎಂದಷ್ಟೇ ಹೇಳಿದಳು.

ಎಲೆಯ ತೊಟ್ಟುಗಳೆಲ್ಲ ಕೆಳಗೆ ಬಾಗಿದ್ದವು. ಎಥಿಲೀನ್ ಹೆಚ್ಚಾದಾಗ ತೊಟ್ಟಿನ ಮೇಲ್ಭಾಗ ಬೇಗ ಬೆಳೆದು ಎಲೆ ಜೋತು ಬೀಳುತ್ತದೆ. ಕರಿಹಲಗೆಯ ಮೇಲೆ ಅದರ ಚಿತ್ರವನ್ನು ಎಷ್ಟು ಸಲ ಬರೆದಿದ್ದೇನೋ. ಕಣ್ಣಾರೆ ಕಂಡದ್ದು ಆವತ್ತೇ ಮೊದಲು. ಮತ್ತೆರಡು ದಿನಕ್ಕೆ ಎಲೆಗಳು ಹಳದಿಯಾಗಿ ಉದುರಿದವು. ಕಾಯಿಗಳೇನೋ ಕೆಂಪಾದವು, ಎಳೆಯವೂ ಸೇರಿ. ಕೊಯ್ದರೆ ಒಳಗೆ ಬಿಳಿ, ರಸವಿಲ್ಲ, ಬೀಜ ಚಾಕುವಿನಲ್ಲಿ ಕತ್ತರಿಸಿಹೋಗುವಷ್ಟು ಎಳಸು. ಮೆಲ್ಕಾರಿನ ರಾಶಿಯಲ್ಲಿ ಇಟ್ಟಿದ್ದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಸಿಂಪಡಿಸುವ ಮೊದಲು ಭಾವ ಒಂದು ಗೊಂಚಲಿನ ಎರಡು ಬಲಿತ ಕಾಯಿಗಳಿಗೆ ನನಗೆ ತಿಳಿಯದಂತೆ ಬ್ರಷ್‌ನಲ್ಲಿ ಹಚ್ಚಿ, ನಾನು ಸಿಂಪಡಿಸುವುದು ತಾಗದಿರಲಿ ಎಂದು ಆ ಗೊಂಚಲಿಗೆ ಪ್ಲಾಸ್ಟಿಕ್ ಕಟ್ಟಿದ್ದನಂತೆ. ಅವೆರಡು ಮಾತ್ರ ಸರಿಯಾಗಿ ಹಣ್ಣಾಗಿದ್ದವು. ಅದನ್ನು ಅವನು ನನಗೆ ಹೇಳಲಿಲ್ಲ, ತಂಗಿ ಹೇಳಿದಳು.

ಊಟದ ದಿನದ ಸಾರು ಬೆಳ್ತಂಗಡಿ ಪೇಟೆಯಿಂದ ತಂದ ಟೊಮೆಟೊದ್ದು. ಹೆಂಗಸರು ಎಲೆಯ ಮುಂದೆ ಕೂತು, ನಿನ್ನ ತೋಟದ ಟೊಮೆಟೊ ಎಲ್ಲಿ ಎಂದು ತಂಗಿಯನ್ನು ಕೇಳಿದರು. ಅವಳು ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ನೀರು ಬಡಿಸುತ್ತಿದ್ದ ಅವಳ ಗಂಡ ಮುಂದೆ ಬಂದ.

"ತಪ್ಪು ನನ್ನದು. ರಬ್ಬರಿನ ಮದ್ದು ಬಿಟ್ಟೆವು. ಗಿಡ ಎಲ್ಲ ಹೋಯ್ತು."

ಹೆಂಗಸರು ನಕ್ಕರು. ಅವರಲ್ಲೊಬ್ಬಳು ನನ್ನ ಕಡೆ ಕೈ ತೋರಿಸಿ, "ಟೀಚರು ಮನೆಯವರೇ ಇರುವಾಗ ಅವರನ್ನು ಒಂದು ಮಾತು ಕೇಳಬಾರದಿತ್ತಾ ಮಾರಾಯ್ರೆ?" ಎಂದಳು.

"ಕೇಳಬೇಕಿತ್ತು," ಎಂದ ಭಾವ.

ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಆ ವಾಕ್ಯ ನನ್ನ ಬಾಯಿಗೆ ಕನ್ನಡದಲ್ಲೂ ಬರಲಿಲ್ಲ, ತುಳುವಿನಲ್ಲೂ ಬರಲಿಲ್ಲ. ಜೀವನವಿಡೀ ಬೇರೆಯವರ ಮೇಲೆ ಧಾರಾಳವಾಗಿ ಖರ್ಚು ಮಾಡಿದ ತಾತ್ಸಾರದಲ್ಲಿ ನನ್ನ ಪಾಲೆಷ್ಟು ಎಂದು ಆವತ್ತು ತಿಳಿಯಿತು. ತಲೆ ತಗ್ಗಿಸಿ, ಸಾರು ಹಾಕು ಎಂದು ಅನ್ನದಲ್ಲಿ ಗುಳಿ ಮಾಡಿದೆ.

ತಂಗಿ ಬಗ್ಗಿ ಬಡಿಸಿದಳು. "ಸಾಕಾ ಅಕ್ಕ?" ಎಂದು ಮಾತ್ರ ಕೇಳಿದಳು.

ಸಾಕು ಎಂದೆ.