ಹಿಂದಿನ ಸೀಟಿನ ಗಾಜು

ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನು ಕ್ಷೌರಕ್ಕೆ ಹೋಗುತ್ತೇನೆ. ಈ ಸಲ ಅಂಗಡಿಯವನು ಹೊಸ ಡಬ್ಬಿ ತೆರೆದು ಕುತ್ತಿಗೆಗೆ ಪೌಡರ್ ಹಾಕಿದ. ಅಗ್ಗದ ಮಲ್ಲಿಗೆಯ ವಾಸನೆ. ಒಮ್ಮೆಲೇ ನನಗೆ ನನ್ನ ಕಾರಿನ ಕಿಟಕಿಗಳು ನೆನಪಾದವು. ಒಂಬತ್ತು ವರ್ಷಗಳ ಹಿಂದೆ ನಮ್ಮ ಊರು ಕುಲಶೇಖರದ ವಾಹನ ಇಲೆಕ್ಟ್ರಿಷಿಯನ್ ಒಬ್ಬರು ಇಂಥದೇ ಪೌಡರನ್ನು ಗಾಜು ಜಾರುವ ರಬ್ಬರಿನ ಸಂದಿಗೆ ಉದುರಿಸುತ್ತಿದ್ದರು. "ಮಕ್ಕಳಿಗೆ ಹಾಕುವುದು ಗಾಜಿಗೂ ಆಗ್ತದೆ ಮಾಸ್ಟ್ರೇ, ಎಣ್ಣೆ ಹಾಕಿದರೆ ಧೂಳು ಕೂತ್ಕೊಳ್ತದೆ" ಎನ್ನುತ್ತಿದ್ದರು.

ಮಾಸ್ಟ್ರು ಎಂದರೆ ನಾನು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತಿಯಾದ ಮೇಲೆ ಶಾಲೆಯವರು ಮೂರು ವ್ಯಾನುಗಳ ಉಸ್ತುವಾರಿಯನ್ನು ನನಗೆ ಒಪ್ಪಿಸಿದರು. ಚಕ್ರಗಳಿಗೆ ಗಾಳಿ ಶನಿವಾರ, ಬ್ರೇಕ್ ನೋಡುವುದು ತಿಂಗಳ ಕೊನೆಯ ದಿನ, ಹೀಗೆ ಎಲ್ಲಕ್ಕೂ ಒಂದು ದಿನ ನಿಗದಿ ಮಾಡಿದ್ದೆ. ವಯರಿನ ಕೆಲಸವೆಲ್ಲ ಅವರಿಗೆ. ರಸ್ತೆ ಬದಿಯಲ್ಲಿ ತಗಡಿನ ಮಾಡಿನ ಒಂದೇ ಕೋಣೆಯ ಅಂಗಡಿ. ಬಿಚ್ಚಿದ ಸ್ಕ್ರೂಗಳನ್ನು ತೆಂಗಿನ ಗೆರಟೆಯಲ್ಲಿ ಹಾಕಿಡುತ್ತಿದ್ದರು, ಒಂದು ಬಾಗಿಲಿಗೆ ಒಂದು ಗೆರಟೆ. ಒಂದರದ್ದು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಆ ಗೆರಟೆಗಳ ಸಾಲನ್ನು ನೋಡಿಯೇ ನಾನು ಅವರನ್ನು ಮೆಚ್ಚಿದ್ದು.

ಅವರು ಬೋಳಾರದ ಕಡೆಯವರು, ತಲೆಮಾರುಗಳಿಂದ ಮೀನು ಹಿಡಿಯುವ ಮನೆ. "ಅಣ್ಣ ತಮ್ಮ ಎಲ್ಲ ಬೋಟಿನಲ್ಲಿ. ನನಗೆ ಮಾತ್ರ ದಡ ಕಾಣದಿದ್ರೆ ಹೊಟ್ಟೆ ತೊಳಸ್ತದೆ. ಮನೆಯಲ್ಲಿ ನನಗೆ ಒಣಮೀನು ಅಂತ ಹೆಸರು ಉಂಟು" ಎಂದು ಒಮ್ಮೆ ನಕ್ಕಿದ್ದರು. ನೆಲದ ಮೇಲೆ ನಿಂತು ದುಡಿಯಬಹುದಾದ ಆ ಅಂಗಡಿ ಅವರಿಗೆ ಎಷ್ಟು ದೊಡ್ಡದೆಂದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು. ಅದನ್ನು ನಡೆಸುತ್ತಿದ್ದದ್ದು ಮುಖ್ಯವಾಗಿ ನಮ್ಮ ವ್ಯಾನುಗಳ ಕೆಲಸ.

ನನ್ನ ಕಾರು ಆಗಲೇ ಹಳತಾಗಿತ್ತು. ಒಂದು ಸೋಮವಾರ ಚಾಲಕನ ಕಡೆಯ ಗಾಜು ಇಳಿದದ್ದು ಮೇಲೆ ಬರಲಿಲ್ಲ. ಬೇರೆಯವರಾದರೆ ಮೊದಲು ಬಾಗಿಲಿನ ಒಳಹಲಗೆಯನ್ನು ಕೀಳುತ್ತಿದ್ದರು. ಅವರು ಕಾರಿನೊಳಗಿನ ಸಣ್ಣ ದೀಪ ಹಾಕಿ, ನನ್ನಿಂದ ಕಿಟಕಿಯ ಬಟನ್ ಒತ್ತಿಸಿ, ದೀಪವನ್ನೇ ನೋಡುತ್ತ ನಿಂತರು. ದೀಪ ತುಸು ಮಂಕಾದರೆ ಮೋಟಾರಿಗೆ ಕರೆಂಟು ಹೋಗುತ್ತಿದೆ, ಗಾಜು ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಮಂಕಾಗದಿದ್ದರೆ ಕರೆಂಟೇ ಮುಟ್ಟುತ್ತಿಲ್ಲ. ಮಂಕಾಗಲಿಲ್ಲ. ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುವ ರಬ್ಬರ್ ಕೊಳವೆಯನ್ನು ಸರಿಸಿ ತೋರಿಸಿದರು. ವರ್ಷಗಟ್ಟಲೆ ಬಾಗಿಲು ತೆರೆದು ಮುಚ್ಚಿ, ಮಡಚಿ ಮಡಚಿ ಒಂದು ವಯರ್ ತುಂಡಾಗಿತ್ತು. "ಮೊದಲು ಕೇಳಬೇಕು ಮಾಸ್ಟ್ರೇ, ಆಮೇಲೆ ಬಿಚ್ಚುವುದು" ಎಂದರು. ವಯರ್ ಸೇರಿಸಿ, ನಾಲ್ಕೂ ಕಿಟಕಿಗಳಿಗೆ ಪೌಡರ್ ಹಾಕಿ ಕೊಟ್ಟರು.

ಆ ಶುಕ್ರವಾರ ಸಂಜೆ ಎಂದಿನಂತೆ ನಾನೂ ಹೆಂಡತಿಯೂ ಮಂಗಳಾದೇವಿ ದೇವಸ್ಥಾನಕ್ಕೆ ಹೊರಟೆವು. ಮುಂದೆ ಕೂತರೆ ಎದುರು ಬರುವ ಲಾರಿಗಳನ್ನು ಕಂಡು ಆಕೆಗೆ ಹೆದರಿಕೆ, ಹಾಗಾಗಿ ಯಾವಾಗಲೂ ಹಿಂದಿನ ಸೀಟು. ನಂತೂರು ಸರ್ಕಲ್ಲಿನ ವಾಹನಗಳ ನಡುವೆ ಸಿಕ್ಕಿಬಿದ್ದಾಗ ಆಕೆ ಸೆಕೆಯೆಂದು ಗಾಜು ಇಳಿಸಿದಳು. ಲಾರಿಯ ಹೊಗೆ ಬರುತ್ತದೆಂದು ನಾನು ನನ್ನ ಕಡೆಯ ಬಟನಿನಿಂದ ಏರಿಸಿದೆ. ಮತ್ತೆ ಇಳಿಸಿದಳು, ಮತ್ತೆ ಏರಿಸಿದೆ. ಹೀಗೆ ಎರಡು ಮೂರು ಸಲ... ಹಿಂತಿರುಗುವಾಗ ಅವಳ ಗಾಜು ಅಲುಗಲಿಲ್ಲ. ಮನೆಗೆ ಬಂದು ಒಂದೊಂದೇ ಬಾಗಿಲನ್ನು ಪರೀಕ್ಷಿಸಿದೆ. ನನ್ನದೊಂದನ್ನು ಬಿಟ್ಟು ಉಳಿದ ಮೂರೂ ಸತ್ತಿದ್ದವು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದೆ. ವ್ಯಾನಿನ ಮೂವರು ಚಾಲಕರೂ ಅಲ್ಲಿಯೇ ಇದ್ದರು. ಅವರೆದುರು ನಾನು ಮೈದಾನದ ಧ್ವನಿಯಲ್ಲಿ ಮಾತಾಡಿದೆ. "ಒಂದು ಸರಿ ಮಾಡಲಿಕ್ಕೆ ಹೋಗಿ ಮೂರು ಹಾಳು ಮಾಡಿದ್ದೀ. ಇದಾ ನಿನ್ನ ಕೆಲಸ?" ಅಲ್ಲಿಯವರೆಗೆ ಅವರನ್ನು ನಾನು ನೀವು ಎಂದೇ ಕರೆದಿದ್ದೆ.

ಅವರು ಬಾಗಿಲು ತೆರೆದು ಒಳಗೆ ಬಾಗಿದರು. ದೀಪ ಹಾಕಲಿಲ್ಲ, ಏನನ್ನೂ ಬಿಚ್ಚಲಿಲ್ಲ. ನನ್ನ ಸೀಟಿನ ಪಕ್ಕ, ಬಾಗಿಲಿನ ಬಟನುಗಳ ಮೇಲೆ ಅವರ ಕೈ ಒಂದು ಕ್ಷಣ ನಿಂತಿತು. ನನ್ನನ್ನು ನೋಡಿದರು, ಚಾಲಕರನ್ನು ನೋಡಿದರು. ಆಮೇಲೆ, "ಒಂದು ಕನೆಕ್ಷನ್ ಲೂಸ್ ಇತ್ತು ಮಾಸ್ಟ್ರೇ. ಈಗ ಸರಿ ಉಂಟು" ಎಂದರು. ಮೂರೂ ಗಾಜುಗಳು ಇಳಿದವು, ಏರಿದವು.

ಅಷ್ಟಕ್ಕೇ ನಾನು ಸುಮ್ಮನಾಗಬಹುದಿತ್ತು. ಚಾಲಕರ ಕಡೆ ತಿರುಗಿ, "ನೋಡಿದಿರಲ್ಲ? ಸೋಮವಾರದಿಂದ ವ್ಯಾನುಗಳು ಇಲ್ಲಿಗೆ ಬರುವುದು ಬೇಡ" ಎಂದೆ. ಇಲೆಕ್ಟ್ರಿಷಿಯನ್ ಬಟ್ಟೆಯ ತುಂಡಿನಲ್ಲಿ ಕೈ ಒರೆಸಿಕೊಳ್ಳುತ್ತ, "ಆಯ್ತು" ಎಂದರು. ಕೈಯಲ್ಲಿ ಕೊಳೆಯೇ ಇರಲಿಲ್ಲ.

ಮೂರು ವಾರ ಕಳೆದಿರಬೇಕು. ಮತ್ತೆ ಶುಕ್ರವಾರ, ಮತ್ತೆ ನಂತೂರು, ಮತ್ತೆ ಅವಳ ಗಾಜು. ನಾನು ಏರಿಸಿದೆ, ಆಕೆ ಇಳಿಸಿದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಆಕೆಯ ಧ್ವನಿ ಬಂತು: "ಪುನಃ ಹಾಳಾಯ್ತಾ ಎಂತ?" ನಾನು ಕೆಳಗೆ ನೋಡಿದೆ. ನನ್ನ ಹೆಬ್ಬೆರಳು ಇನ್ನೂ ಕಿಟಕಿಗಳ ಸಣ್ಣ ಲಾಕ್ ಬಟನಿನ ಮೇಲೆಯೇ ಇತ್ತು. ನನ್ನ ಕಾರಿನಲ್ಲಿ ಅದನ್ನು ಒತ್ತಿದರೆ ಚಾಲಕನ ಗಾಜು ಮಾತ್ರ ಕೆಲಸ ಮಾಡುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಬಳಸುತ್ತಿದ್ದ ಬಟನ್ ಅದು, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮೈದಾನದಲ್ಲಿ ಗಲಾಟೆ ಕೇಳಿದ ಕೂಡಲೇ ಸೀಟಿ ತಾನಾಗಿ ಬಾಯಿಗೆ ಹೋಗುತ್ತಿದ್ದಂತೆ, ಬೆರಳು ತಾನಾಗಿಯೇ ಹೋಗಿ ಒತ್ತಿತ್ತು. ಆ ಮೊದಲಿನ ಶುಕ್ರವಾರವೂ ಹೀಗೆಯೇ ಆಗಿರಬೇಕು. ಅಂಗಡಿಯಲ್ಲಿ ಅವರ ಕೈ ಎಲ್ಲಿ ನಿಂತಿತ್ತು, ಚಾಲಕರನ್ನು ಯಾಕೆ ನೋಡಿದರು, ಎಲ್ಲ ಆ ಕ್ಷಣದಲ್ಲೇ ತಿಳಿಯಿತು. ನನ್ನ ಕೈಕೆಳಗಿನವರ ಎದುರು ನನ್ನ ಮರ್ಯಾದೆ ಉಳಿಸಲು ಅವರು ತಪ್ಪನ್ನು ತಮ್ಮದೆಂದು ಒಪ್ಪಿಕೊಂಡಿದ್ದರು. ನಾನು ಆ ಒಪ್ಪಿಗೆಯನ್ನೇ ಹಿಡಿದು ಅವರ ಕೆಲಸ ಕಿತ್ತುಕೊಂಡಿದ್ದೆ.

ಬಟನನ್ನು ಮತ್ತೆ ಒತ್ತಿ ಬಿಡಿಸಿದೆ. "ಲೂಸ್ ಕನೆಕ್ಷನ್, ಈಗ ಸರಿಯಾಯ್ತು" ಎಂದೆ ಹೆಂಡತಿಗೆ.

ಮರುದಿನ ಬೆಳಿಗ್ಗೆಯೇ ಹೋಗಿ ಹೇಳಬೇಕೆಂದುಕೊಂಡೆ. ಹೋಗಲಿಲ್ಲ. ಸೋಮವಾರ ಎಂದುಕೊಂಡೆ. ವ್ಯಾನುಗಳನ್ನು ಮತ್ತೆ ಅಲ್ಲಿಗೇ ಕಳುಹಿಸಿದರೆ ಚಾಲಕರಿಗೆ ಕಾರಣ ಹೇಳಬೇಕಾಗುತ್ತಿತ್ತು. ಕೊನೆಗೆ ನಾನು ಬೆಳಗಿನ ನಡಿಗೆಯ ದಾರಿಯನ್ನೇ ಬದಲಿಸಿದೆ. ಅಂಗಡಿ ಕಾಣದ ಒಳರಸ್ತೆ ಹಿಡಿದೆ. ಮಳೆಗಾಲ ಮುಗಿದ ಮೇಲೆ ಒಬ್ಬ ಚಾಲಕ ತಾನಾಗಿಯೇ ಹೇಳಿದ: "ಆ ಇಲೆಕ್ಟ್ರಿಷಿಯನ್ ಅಂಗಡಿ ಮುಚ್ಚಿದ್ರು ಸಾರ್. ಅಣ್ಣನ ಬೋಟಿಗೆ ಹೋಗ್ತಾರಂತೆ." ಹೌದಾ, ಎಂದೆ. ದಡ ಕಾಣದಿದ್ದರೆ ಹೊಟ್ಟೆ ತೊಳಸುವ ಮನುಷ್ಯ...

ಪೌಡರಿನ ವಾಸನೆ ಬಂದ ಮೊನ್ನೆಯ ಸೋಮವಾರ ಕ್ಷೌರದ ಅಂಗಡಿಯವನನ್ನು ಆ ಇಲೆಕ್ಟ್ರಿಷಿಯನ್ ಬಗ್ಗೆ ಕೇಳಿಯೇ ಬಿಟ್ಟೆ. ಅವನೂ ಬೋಳಾರದವನೇ. ಕನ್ನಡಿಯಲ್ಲಿ ನನ್ನನ್ನು ನೋಡುತ್ತ, "ಅವರು ತೀರಿಕೊಂಡು ಎರಡು ವರ್ಷ ಆಯ್ತಲ್ಲ ಮಾಸ್ಟ್ರೇ. ಕಿಡ್ನಿ ತೊಂದರೆ. ನಿಮಗೆ ಗೊತ್ತಿರಲಿಲ್ವಾ?" ಎಂದ. ಮನೆ ಎಲ್ಲಿ ಎಂದು ಕೇಳಿದೆ. ದೇವಸ್ಥಾನದಿಂದ ನಡೆದರೆ ಐದು ನಿಮಿಷವಂತೆ. ಒಂಬತ್ತು ವರ್ಷ, ಪ್ರತಿ ಶುಕ್ರವಾರ, ನಾನು ಅಲ್ಲಿ ಕಾರು ನಿಲ್ಲಿಸಿ ಇಳಿದಿದ್ದೇನೆ.

ಈ ಶುಕ್ರವಾರ ಅಲ್ಲಿ ಕಾರು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಹಿಂದೆ ತಿರುಗದೆಯೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ಹೂವಿನ ಪೊಟ್ಟಣ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡಳು.

"ಆ ಬಟನಿನ ಟಿಕ್ ಅನ್ನುವ ಶಬ್ದ ನನಗೂ ಕೇಳಿತ್ತು, ಎರಡನೇ ಸಲ" ಎಂದಳು. "ಅವರಿಗೆ ಬೈದು ಬಂದದ್ದನ್ನು ಆಗ ನೀವೇ ಹೇಳಿದ್ದಿರಿ. ಮರುದಿನವೇ ಹೋಗಿ ಅವರಿಗೆ ನಿಜ ಹೇಳಿದ್ದೀರಿ ಅಂತ ಗ್ರಹಿಸಿದ್ದೆ. ಯಾವುದನ್ನೂ ನಾಳೆಗೆ ಇಡುವವರಲ್ಲವಲ್ಲ ನೀವು."

ಸೆಕೆಗೆ ಆಕೆ ಕಿಟಕಿಯ ಬಟನ್ ಒತ್ತಿದಳು. ಗಾಜಿಗೆ ಕರೆಂಟು ಸಿಗಲೆಂದು ನಾನು ಕೀಲಿ ತಿರುಗಿಸಿದೆ. ಗಾಜು ಎಲ್ಲಿಯೂ ತಡೆಯದೆ, ಸದ್ದಿಲ್ಲದೆ ಕೆಳಗಿಳಿಯಿತು. ಅವರ ನಂತರ ಆ ಕಿಟಕಿಗೆ ಬೇರೆ ಯಾರೂ ಕೈ ಹಾಕಿಲ್ಲ.