ದಾಖಲೆಮನೆಯ ಟೇಪಕ್ಕ

ಅಂಗಡಿಯವನ ಕಣ್ಣಿನಿಂದ ಅಳೆದರೆ ಟೇಪಕ್ಕ ಗಿರಾಕಿಯನ್ನು ಸೆಳೆಯುವ ಸರಕಲ್ಲ. ತೆಳ್ಳನೆಯ ಮೈ, ಮೊಣಕೈಯಲ್ಲಿ ರಫು ಮಾಡಿದ ಮಾಸಲು ಸ್ವೆಟರು, ಮೂಗಿನ ತುದಿಗೆ ಜಾರಿದ ಕನ್ನಡಕ. ಹೊಳಪು ನೋಡಿ ಕೊಳ್ಳುವವರು ಪಕ್ಕದ ಅಂಗಡಿಗೆ ಹೋಗಬಹುದು. ಬಾಳಿಕೆ ನೋಡುವವರು ಮಾತ್ರ ಒಂದು ಗಳಿಗೆ ನಿಲ್ಲಬೇಕು. ಒಳಗಿನ ನೇಯ್ಗೆ ಗಟ್ಟಿ. ಅದಕ್ಕೊಮ್ಮೆ ಕಲೆ ಹತ್ತಿದರೆ ಎಷ್ಟು ಒಗೆದರೂ ಬಿಡುವುದಿಲ್ಲ. ಅವಳಿಗೆ ಹತ್ತಿದ ಕಲೆ ಒಂದೇ, ಅದು ದರ್ಜಿಗಳ ಸಂಘದ ಅಧ್ಯಕ್ಷರ ಮೇಲಿನ ಹಗೆ.

ಊರಿನ ದಾಖಲೆಮನೆ ಎಂದರೆ ಹಳೆಯ ಅಂಚೆ ಕಚೇರಿಯ ಹಿಂದಿನ ಎರಡು ಕೋಣೆ, ಒಂದು ಸಣ್ಣ ಸಭಾಂಗಣ. ಊರಲ್ಲಿ ಹೆಸರು ಮಾಡಿದವರ ಬಾಳು, ಅವರು ಕಟ್ಟಿದ ಸಂಘಗಳ ಕಥೆ ಎಲ್ಲ ಅಲ್ಲಿನ ಕಬ್ಬಿಣದ ಕಪಾಟುಗಳಲ್ಲಿವೆ. ಬ್ಯಾಂಡಿನವರಿಗೊಂದು ಕಪಾಟು, ಬೆಂಕಿ ಆರಿಸುವವರಿಗೊಂದು, ಪೈಲ್ವಾನರಿಗೂ ಸೂಲಗಿತ್ತಿಯರಿಗೂ ಸೇರಿ ಒಂದು. ಜಾಗದ ಅಭಾವ, ಇದುವರೆಗೆ ಒಳಗಿನವರು ಜಗಳವಾಡಿದ ವರದಿಯಿಲ್ಲ.

ಹೆಸರಾದವರನ್ನು ಕೂರಿಸಿ, ಅವರ ಬದುಕನ್ನು ಅವರ ಬಾಯಿಂದಲೇ ಹೇಳಿಸಿ ಟೇಪಿಗೆ ಹಿಡಿಯುವುದು ಟೇಪಕ್ಕನ ಕೆಲಸ. ಅಲ್ಲೊಂದು ಪದ್ಧತಿಯಿದೆ. ಶುರುವಿನಲ್ಲೇ ಹೇಳುವವರು ತಮ್ಮ ದನಿಯಲ್ಲಿ ಶರತ್ತು ಹಾಕಬೇಕು: ಯಾವುದನ್ನು ಇಡಬಹುದು, ಯಾವುದನ್ನು ತೆಗೆಯಬಹುದು. ಟೇಪಿಗೆ ಬಿದ್ದ ಶರತ್ತನ್ನು ಆಮೇಲೆ ಯಾರೂ ಬದಲಿಸುವಂತಿಲ್ಲ. ಮುಗಿದ ಮೇಲೆ ಆ ಸಂಘದವರನ್ನೆಲ್ಲ ಕರೆದು ಕೇಳಿಸಬೇಕು. ಹೇಳಿದವರು ಮುಂದಿನ ಕುರ್ಚಿಯಲ್ಲಿ ಕೂತಿರಬೇಕು.

ಅವಳ ಅಪ್ಪ ಅದೇ ದರ್ಜಿ ಸಂಘದ ಕಟಿಂಗ್ ಮಾಸ್ಟರ್. ಸಂಘದ ಚುನಾವಣೆ ಹತ್ತಿರವಾದಾಗ ಅಧ್ಯಕ್ಷಗಿರಿಗೆ ಅವನೇ ಆಗಲಿ ಎಂದು ಜನ ಮಾತಾಡತೊಡಗಿದ್ದರು. ಅಷ್ಟರಲ್ಲಿ ಗೋದಾಮಿನಿಂದ ಸೂಟಿನ ಬಟ್ಟೆಯ ಒಂದು ಥಾನು ಕಾಣೆಯಾಯಿತು. ಸಂಘದ ಕಾರ್ಯದರ್ಶಿ ಅದನ್ನು ಮಾಸ್ಟರನ ಪೆಟ್ಟಿಗೆಯಿಂದಲೇ ಎಳೆದು ತೆಗೆದ. "ಅಲ್ಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ" ಎಂದ ಮಾಸ್ಟರನ ಮಾತಿಗೆ ಯಾರೂ ಕಿವಿಗೊಡಲಿಲ್ಲ; ಸಭೆ ಕೈಯೆತ್ತಿ ಅವನನ್ನು ಸಂಘದಿಂದ ಹೊರಹಾಕಿತು. ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು. ಸೂಟು ಕತ್ತರಿಸುತ್ತಿದ್ದ ಕೈ ಗೋಣಿಚೀಲ ಹೊಲಿಯಿತು. ಹೊಲಿಯುತ್ತಲೇ ಸವೆದು, ತಲೆ ನರೆಯುವ ಮುಂಚೆಯೇ ನಿಂತುಹೋಯಿತು. ಕಳ್ಳನ ಹೆಂಡತಿಯಾಗಿ ಅಮ್ಮ ಬದುಕಿದಳು, ಕಳ್ಳನ ಮಗಳಾಗಿ ಇವಳು ಬೆಳೆದಳು. ಅಧ್ಯಕ್ಷರ ಮೇಲೆ ಗುಮಾನಿ ಇತ್ತು, ಸಾಕ್ಷಿ ಇರಲಿಲ್ಲ. ದಾಖಲೆಮನೆಯಲ್ಲಿ ದರ್ಜಿಗಳ ಕಪಾಟು ಖಾಲಿಯಿರುವುದನ್ನು ಕಂಡೇ ಅವಳು ಆ ಕೆಲಸಕ್ಕೆ ಸೇರಿದ್ದು. ಹೊಗಳಿಸಿಕೊಳ್ಳುವ ಆಸೆ ಇರುವ ಮನುಷ್ಯ ಎಂದಾದರೂ ಬಂದೇ ಬರುತ್ತಾನೆಂದು ಕಾದಳು.

ಅಧ್ಯಕ್ಷರು ಬಂದರು. ಕೈಯಲ್ಲಿ ಊರುಗೋಲು, ಮೈಮೇಲೆ ತಾವೇ ಹೊಲಿದ ಕೋಟು. ಯಂತ್ರ ಒತ್ತುವವಳು ಯಾರ ಮಗಳೆಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ.

"ಶರತ್ತು ಹೇಳಿ ಯಜಮಾನ್ರೇ."

"ಒಂದಕ್ಷರ ತೆಗೀಬಾರ್ದು, ಅಷ್ಟೇ. ಸಂಘದ ಸ್ಮರಣ ಸಂಚಿಕೆಯಲ್ಲಿ ನನ್ನ ಭಾಷಣ ಅರ್ಧಕ್ಕರ್ಧ ಹಾರಿಸಿಬಿಟ್ರು, ಮುಟ್ಠಾಳರು. ಕೆಮ್ಮಿದ್ರೆ ಕೆಮ್ಮೂ ಇರಲಿ."

ಬಾಳಿಡೀ ಕತ್ತರಿ ಹಿಡಿದವರು ತಮ್ಮ ಮಾತಿಗೆ ಕತ್ತರಿ ಬೇಡವೆಂದರು. ಟೇಪಕ್ಕ ತಲೆಯಾಡಿಸಿದಳು.

ಬಾಲ್ಯ, ಬಡತನ, ಮೊದಲ ಹೊಲಿಗೆ ಯಂತ್ರ, ದೊಡ್ಡವರ ಷರಾಯಿಯ ಅಳತೆ ಎಲ್ಲ ಬಂದವು. ಥಾನಿನ ಪ್ರಸಂಗ ಬರಲಿಲ್ಲ. ಆಗ ಅವಳು ಚೌಕಾಸಿಯ ಹಳೇ ಉಪಾಯಕ್ಕೆ ಕೈಹಾಕಿದಳು. ಬೆಲೆ ಇಳಿಸದ ಅಂಗಡಿಯವನ ಎದುರು ಪಕ್ಕದ ಅಂಗಡಿಯ ಮಾಲು ಹೊಗಳಬೇಕು.

"ಸಂಘದೊಳಗೆ ಕಳ್ಳತನ ಆದಾಗ ಕಾರ್ಯದರ್ಶಿಗಳು ತುಂಬ ಚುರುಕಾಗಿ ಹಿಡಿದರಂತೆ. ಸಂಘ ಉಳಿದಿದ್ದೇ ಅವರ ತಲೆಯಿಂದ ಅಂತ ಎಲ್ಲ ಹೇಳ್ತಾರೆ."

ಅಧ್ಯಕ್ಷರ ಚಹಾದ ಲೋಟ ಅರ್ಧದಲ್ಲೇ ನಿಂತಿತು. "ಅವನ ತಲೆಯಾ? ಗುಂಡಿ ಕಿತ್ತುಬಂದ್ರೆ ಯಾವ ಕಡೆಯಿಂದ ದಾರ ಹಾಕಬೇಕು ಅಂತ ನನ್ನನ್ನ ಕೇಳ್ತಿದ್ದ ಅವನು."

"ಆದ್ರೂ ಕಳ್ಳನನ್ನ ಪತ್ತೆ ಮಾಡಿದ್ದು..."

"ಏನಮ್ಮಾ ಪತ್ತೆ? ಪೆಟ್ಟಿಗೇಲಿ ಥಾನು ಇಟ್ಟವನು ನಾನು, ಅಲ್ಲಿ ನೋಡಯ್ಯಾ ಅಂತ ಅವನ ಕಿವಿಯಲ್ಲಿ ಊದಿದವನೂ ನಾನು. ಜನ ಎಲ್ಲ ಮಾಸ್ಟರ್ ಕಡೆ ವಾಲಿದ್ರು. ಸಂಘ ಅವನ ಕೈಗೆ ಹೋಗಿದ್ರೆ ಮುಳುಗ್ತಿತ್ತು. ನಾನು ಹೇಳಿದ್ದು ಮಾಡಿದ್ದಕ್ಕೆ ಆ ಕಾರ್ಯದರ್ಶಿ ಜಾಣನಾ?"

ಅವಳ ಕೈ ಯಂತ್ರದ ಮೇಲೆಯೇ ಇತ್ತು. "ಚಹಾ ತಣ್ಣಗಾಗ್ತಿದೆ ಯಜಮಾನ್ರೇ" ಎಂದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಧ್ಯಕ್ಷರು ಮೆಟ್ಟಿಲ ಮೇಲಿದ್ದರು. ರಾತ್ರಿ ನಿದ್ದೆಯಿಲ್ಲದ್ದು ಮುಖದಲ್ಲಿತ್ತು.

"ಆ ಥಾನಿನ ತುಂಡೊಂದು ತೆಗೆದುಬಿಡು ತಂಗಿ. ವಯಸ್ಸಾಯ್ತು, ಏನೇನೋ ಬಡಬಡಿಸಿದೆ."

"ಒಂದಕ್ಷರ ತೆಗೀಬಾರ್ದು ಅಂತ ನೀವೇ ಹೇಳಿದೀರಿ. ಅದೂ ಟೇಪಲ್ಲಿದೆ, ಕೆಮ್ಮಿನ ಜೊತೆಗೆ."

"ನನ್ನ ಮಾತಮ್ಮಾ ಅದು."

"ಈಗ ದಾಖಲೆಮನೇದು."

ಅವರು ಆಗ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದರು. "ನೀನು ಯಾರ ಮಗಳು?"

"ಮಾಸ್ಟರ್ ಮಗಳು. ಅಪ್ಪನಿಗೆ ಊಟದ ಡಬ್ಬಿ ತರ್ತಿದ್ನಲ್ಲ, ನೀವು ನನ್ನ ತಲೆ ಮೇಲಿಂದ ಮಾತಾಡ್ತಿದ್ರಿ."

ಅಧ್ಯಕ್ಷರು ಗೋಡೆಗೆ ಕೈಯೂರಿದರು. "ನಾನು ಮುದುಕ ಕಣಮ್ಮ. ಇನ್ನೆಷ್ಟು ದಿನ? ಸತ್ತ ಮೇಲೆ ಬೇಕಾದ್ರೆ ಕೇಳಿಸು."

"ನಮ್ಮಪ್ಪನೂ ಮುದುಕ ಆಗಬೇಕಿತ್ತು" ಎಂದಳು. "ಭಾನುವಾರ ಬನ್ನಿ. ಬರದಿದ್ರೂ ಟೇಪ್ ಓಡುತ್ತೆ. ಖಾಲಿ ಕುರ್ಚಿ ನೋಡಿ ಜನ ಏನು ಅಂದ್ಕೋತಾರೆ, ಯೋಚ್ನೆ ಮಾಡಿ."

ಬಂದರು. ಖಾಲಿ ಕುರ್ಚಿಯ ಅವಮಾನವನ್ನು ಅವರು ಸಹಿಸುವವರಲ್ಲವೆಂದು ಅವಳಿಗೆ ಗೊತ್ತಿತ್ತು. ಎದ್ದುನಿಂತು ಎಲ್ಲ ಅಲ್ಲಗಳೆಯುವ ಧೈರ್ಯ ಮಾಡಿಕೊಂಡೇ ಬಂದಿದ್ದರೋ ಏನೋ, ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದರು. ಸಭಾಂಗಣ ದರ್ಜಿಗಳಿಂದ ತುಂಬಿತ್ತು. ಟೇಪಕ್ಕ ಅಮ್ಮನನ್ನು ಕೈಹಿಡಿದು ತಂದು, ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲೇ ಕೂರಿಸಿದಳು. ಇಷ್ಟು ವರ್ಷ ಸಂಘದ ಬೀದಿಯಲ್ಲಿ ತಲೆಬಗ್ಗಿಸಿ ನಡೆದ ಮುದುಕಿ ಅವರನ್ನು ಒಮ್ಮೆಯೂ ನೋಡಲಿಲ್ಲ.

ಟೇಪು ಓಡಿತು. ಷರಾಯಿಯ ಅಳತೆಗೆ ಜನ ನಕ್ಕರು. "ಪೆಟ್ಟಿಗೇಲಿ ಥಾನು ಇಟ್ಟವನು ನಾನು" ಎಂಬ ದನಿ ಬಂದಾಗ ಕುರ್ಚಿಗಳ ಕಿರುಗುಟ್ಟುವಿಕೆಯೂ ನಿಂತಿತು. ಅಧ್ಯಕ್ಷರು ಬಾಯಿ ತೆರೆದರು; ತಮ್ಮದೇ ದನಿ ಎದುರಿಗೆ ಜೋರಾಗಿ ಮಾತಾಡುತ್ತಿದ್ದುದರಿಂದ ಮುಚ್ಚಿದರು. ಅಂದು ಮಾಸ್ಟರನ ವಿರುದ್ಧ ಕೈಯೆತ್ತಿದ್ದ, ಗುಂಡಿಯ ಕಾಜಾ ಹೊಲಿಯುವ ಹಿರಿಯನೊಬ್ಬ ಎದ್ದು, ಟೋಪಿ ತೆಗೆದು, ಅಮ್ಮನ ಮುಂದೆ ನಿಂತ.

ಅಮ್ಮ ಅವನನ್ನು ದಾಟಿ ಮಗಳ ಕಡೆ ನೋಡಿದಳು.

"ನನಗೆ ಸರಿಯಾಗಿ ಕೇಳಿಸ್ಲಿಲ್ಲ ಮಗಾ. ಇನ್ನೊಂದ್ಸಲ ಹಾಕು."

ಅಮ್ಮನ ಕಿವಿಗಳು ಚೆನ್ನಾಗಿಯೇ ಇದ್ದವು. ಟೇಪಕ್ಕ ಸುರುಳಿಯನ್ನು ಹಿಂದಕ್ಕೆ ತಿರುಗಿಸಿದಳು, ನಿಧಾನವಾಗಿ, ಹಬೆಯಾಡುವ ಅನ್ನಕ್ಕೆ ತುಪ್ಪ ಬಡಿಸುವವಳ ಹಾಗೆ. ಅಧ್ಯಕ್ಷರು ಎದ್ದು ಹೊರಡಲು ನೋಡಿದರು. ಊರುಗೋಲು ಅಮ್ಮನ ಕುರ್ಚಿಯಾಚೆ ಬಿದ್ದಿತ್ತು, ಎತ್ತಿಕೊಡಲು ಯಾರೂ ಬಗ್ಗಲಿಲ್ಲ. ಕೂತು, ತಮ್ಮ ಮಾತನ್ನು ಇನ್ನೊಮ್ಮೆ ಕೇಳಿದರು.

ಅವರ ಟೇಪು ಇಂದಿಗೂ ದರ್ಜಿಗಳ ಕಪಾಟಿನಲ್ಲಿದೆ, ಒಂದಕ್ಷರ ಕಡಿಮೆಯಾಗದೆ. ಕೇಳಬಯಸಿದವರಿಗೆಲ್ಲ ಟೇಪಕ್ಕ ಬೇಸರವಿಲ್ಲದೆ ಹಾಕುತ್ತಾಳೆ. ಕ್ಷಮಿಸಿದೆಯಾ ಎಂದು ಕೇಳಿದವರಿಗೆ, "ನಾನು ಯಂತ್ರ ಒತ್ತುವವಳು, ಅಷ್ಟೇ" ಎನ್ನುತ್ತಾಳೆ.

ಇದನ್ನು ಬರೆದವನು ಅವಳಿಗೆ ಋಣಿ. ತೀರಿಹೋದ ಅವನ ತಾಯಿ, ಈ ಊರಿನ ಸೂಲಗಿತ್ತಿ, ಹೇಗೆ ಮಾತಾಡುತ್ತಿದ್ದಳೆಂದು ಅವನಿಗೆ ಈಗಲೂ ಕೇಳಲು ಸಿಗುವುದು ಟೇಪಕ್ಕ ಹಿಡಿದಿಟ್ಟದ್ದರಿಂದ ಮಾತ್ರ.